ಕೊಲೆಗೆ ಮುಂಚಿನ ಚರಿತ್ರೆ

ಗಂಡ ಹೆಂಡತಿಯನ್ನು ಕೊಂದ ಸುದ್ದಿ ಬಂದಾಗ ನಾನು ಕನ್ನಡ, ಮಲಯಾಳ ಪತ್ರಿಕೆಗಳೆರಡನ್ನೂ ಓದುತ್ತೇನೆ. ಲಿಪಿ ಬೇರೆಯಾದರೂ ಮಾತು ಹೆಚ್ಚಾಗಿ ಒಂದೇ: ‘ಕುಟುಂಬ ಕಲಹ’. ಕಲಹವೆಂದರೆ ಇಬ್ಬರು ಬೇಕು. ಹೀಗೆ ಸತ್ತವಳೂ ತಪ್ಪಿನಲ್ಲಿ ಪಾಲುದಾರಳಾಗುತ್ತಾಳೆ. ಈ ಯೋಚನೆಗೆ ವಿದ್ವಾಂಸರ ಲೋಕದಲ್ಲೂ ಒಂದು ಚರಿತ್ರೆಯಿದೆ.

ಅಮೆರಿಕದ ಮಾರ್ವಿನ್ ವೋಲ್ಫ್‌ಗ್ಯಾಂಗ್ ಅವರು ಫಿಲಡೆಲ್ಫಿಯಾ ನಗರದಲ್ಲಿ 1948ರಿಂದ 1952ರ ತನಕ ನಡೆದ 588 ಕೊಲೆಗಳ ಪೊಲೀಸು ದಾಖಲೆಗಳನ್ನು ಪರಿಶೀಲಿಸಿ 1958ರಲ್ಲಿ ಗ್ರಂಥವನ್ನು ಪ್ರಕಟಿಸಿದರು. 150 ಪ್ರಕರಣಗಳಲ್ಲಿ ಸತ್ತವರೇ ಮೊದಲು ಕೈಯೆತ್ತಿದ್ದರೆಂದು ಕಂಡು, ಅವನ್ನು ‘ಹತರಿಂದಲೇ ಪ್ರಚೋದಿತ’ ಎಂದು ಕರೆದರು. ಹೆಂಡತಿಯನ್ನು ಹೊಡೆಯಹೋಗಿ ಅವಳ ಕೈಯಲ್ಲೇ ಸತ್ತ ಗಂಡಂದಿರೂ ಅವರಲ್ಲಿದ್ದರು. ಅವರ ಶಿಷ್ಯ ಮೆನಾಖೆಮ್ ಅಮೀರ್ 1971ರಲ್ಲಿ ಅದೇ ಪದವನ್ನು ಅತ್ಯಾಚಾರಕ್ಕೆ ಅನ್ವಯಿಸಿದರು. ಅಲ್ಲಿ ಹೆಂಗಸು ಕೈಯೆತ್ತಬೇಕಾಗಿರಲಿಲ್ಲ; ಅವಳ ಮಾತು, ನಡತೆಗಳೇ ಪ್ರಚೋದನೆ ಎನಿಸಿಕೊಂಡವು. ಸ್ತ್ರೀವಾದಿ ವಿದ್ವಾಂಸರು ಇದನ್ನು ಕಟುವಾಗಿ ವಿರೋಧಿಸಿದರು.

ಆಮೇಲೆ ಪ್ರಶ್ನೆಯೇ ಬದಲಾಯಿತು. ರೆಬೆಕಾ ಮತ್ತು ರಸೆಲ್ ಡೊಬಾಶ್ ದಂಪತಿಗಳು ಸ್ಕಾಟ್ಲೆಂಡಿನಲ್ಲಿ ಗಂಡಂದಿರಿಂದ ಪೆಟ್ಟು ತಿಂದ 109 ಹೆಂಗಸರ ಮಾತು ಕೇಳಿ 1979ರಲ್ಲಿ ಪುಸ್ತಕ ಬರೆದರು. ಮುಂದೆ ಬ್ರಿಟನ್ನಿನ ಕೊಲೆಗಾರರ ಕಡತಗಳನ್ನು ಓದಿದರು. ಸೆರೆಮನೆಗಳಿಗೆ ಹೋಗಿ ಕೊಲೆಗಾರರನ್ನೇ ಮಾತನಾಡಿಸಿದರು. ಹೆಂಡತಿ ಅಥವಾ ಸಂಗಾತಿಯನ್ನು ಕೊಂದವರನ್ನೂ ಲೈಂಗಿಕ ದಾಳಿಯಲ್ಲಿ ಕೊಂದವರನ್ನೂ 2015ರ ಗ್ರಂಥದಲ್ಲಿ ಬೇರೆಬೇರೆಯಾಗಿ ವಿವೇಚಿಸಿದರು. ಸಂಗಾತಿಯನ್ನು ಕೊಂದವರಲ್ಲಿ ಅನೇಕರು ಹೊರಗಿನವರ ಕಣ್ಣಿಗೆ ಸಾಧಾರಣ ಮನುಷ್ಯರು, ಕೆಲಸ ಸಂಸಾರ ಉಳ್ಳವರು. ಆದರೆ ಮನೆಯೊಳಗೆ ಪೆಟ್ಟು, ಸಂಶಯ, ‘ನೀನು ನನ್ನವಳು’ ಎಂಬ ಹಿಡಿತ ಮೊದಲಿನಿಂದಲೂ ಇದ್ದವು. ಒಂದು ಗಳಿಗೆಯ ಸಿಟ್ಟೆಂದು ನಾವು ಹೇಳುವುದರ ಹಿಂದೆ ಎಷ್ಟೋ ದಿನಗಳಿದ್ದವು.

ಆ ದಿನಗಳಲ್ಲೇ ಅಪಾಯವನ್ನು ಗುರುತಿಸಲು ದಾದಿಯಾಗಿದ್ದ ಸಂಶೋಧಕಿ ಜ್ಯಾಕ್ವೆಲಿನ್ ಕ್ಯಾಂಬೆಲ್ 1980ರ ದಶಕದಲ್ಲಿ ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿದರು. ಕುತ್ತಿಗೆ ಹಿಸುಕಿದ್ದಾನೆಯೇ? ಕೊಲ್ಲುತ್ತೇನೆ ಎಂದಿದ್ದಾನೆಯೇ? ಅಮೆರಿಕದ 11 ನಗರಗಳಲ್ಲಿ ನಡೆಸಿ 2003ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಹಿಡಿತ ಬಿಡದ ಗಂಡಸನ್ನು ತೊರೆದು ಬರುವ ಹೊತ್ತೇ ಹೆಂಗಸಿಗೆ ಹೆಚ್ಚು ಅಪಾಯದ್ದೆಂದು ಕಂಡುಬಂತು.

ತವರಿಗೆ ಬಂದ ಮಗಳೊಬ್ಬಳ ಪಂಚಾತಿಕೆಗೆ ನಾನೂ ಒಮ್ಮೆ ಚಾವಡಿಯಲ್ಲಿ ಕುಳಿತಿದ್ದೆ. “ನೀನೇನು ಹೇಳಿದೆ ಮಗಾ, ಅವನಿಗೆ ಸಿಟ್ಟು ಬರಲು?” ಎಂದು ಹಿರಿಯರು ಕೇಳಿದರು. ಹೊಂದಿಕೊಂಡು ಹೋಗೆಂದು ಕಳುಹಿಸಿಕೊಟ್ಟೆವು. ಅವನು ಕುತ್ತಿಗೆಗೆ ಕೈ ಹಾಕಿದ್ದಾನೆಯೇ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.