ಸಹಕಾರಿ ತತ್ವದಲ್ಲಿ ಮನೆ ಕಟ್ಟಿದವರ ಕಥೆ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ನೆನಪಿಗಾಗಿ ಹೊರಡುತ್ತಿರುವ ಈ ಸ್ಮರಣ ಸಂಚಿಕೆಗೆ ಇತಿಹಾಸದ ವಿಷಯವಾಗಿ ಏನಾದರೂ ಬರೆದುಕೊಡಿರೆಂದು ಆಡಳಿತ ಮಂಡಳಿಯ ಹಿರಿಯರು ಮನೆತನಕ ಬಂದು ಕೇಳಿದರು. ಸಂಘ ನಡೆದುಬಂದ ದಾರಿಯನ್ನು ಕಾರ್ಯದರ್ಶಿಗಳು ಬೇರೆ ಪುಟದಲ್ಲಿ ಬರೆದಿದ್ದಾರೆ. ಅದನ್ನೇ ನಾನೂ ಬರೆದರೆ ಓದುವವರಿಗೆ ಬ್ಯಾಸರ. ಆದ್ದರಿಂದ ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಪ್ರತಿ ವರ್ಷ ಯಾರಾದರೊಬ್ಬರು ಎದ್ದು ನಿಂತು ಕೇಳುವ ಒಂದು ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದೇನೆ. "ಬೀಜಕ್ಕ ಸಾಲ ಕೊಡ್ತೀರಿ, ಗೊಬ್ಬರಕ್ಕ ಕೊಡ್ತೀರಿ, ಮನಿ ಕಟ್ಟಾಕ ಯಾಕ ಕೊಡಂಗಿಲ್ಲ?" ಎಂಬುದೇ ಆ ಪ್ರಶ್ನೆ. ಅಧ್ಯಕ್ಷರು "ಬೈಲಾದಾಗ ಇಲ್ಲ" ಅನ್ನುತ್ತಾರೆ, ಅಷ್ಟರಲ್ಲಿ ಚಹಾ ಬರುತ್ತದೆ, ಮಾತು ಮುಗಿಯುತ್ತದೆ.

ಮೊದಲು ನಮ್ಮ ಮನೆಯ ಒಂದು ಕಥೆ ಹೇಳಿಬಿಡುತ್ತೇನೆ. ನಾನು ಏಳನೇ ಇಯತ್ತೆ ಓದುತ್ತಿದ್ದಾಗ ಮೂರು ದಿನ ಬಿಡದೆ ಜಡಿಮಳೆ ಹಿಡಿದು ನಮ್ಮ ಮಾಳಿಗೆಯ ನಡುಮನೆ ಕುಸಿಯಿತು. ಮೇಲ್ಮುದ್ದೆಯ ಮಣ್ಣು ನೀರು ಕುಡಿದು ಭಾರವಾಗಿ, ಗೆದ್ದಲು ತಿಂದ ತೊಲೆ ಮುರಿದಿತ್ತು. ದೇವರ ದಯೆ, ನಾವೆಲ್ಲ ಪಡಸಾಲೆಯಲ್ಲಿ ಮಲಗಿದ್ದೆವು. ತೊಲೆ ಹಾಕಿಸಲು ಅಪ್ಪನ ಹತ್ತಿರ ರೊಕ್ಕವಿರಲಿಲ್ಲ. ಆಗಿನ ಸೊಸೈಟಿಯಲ್ಲಿ ಮನೆಗೆಂದು ಕೇಳಿದರೆ ಕೊಡುತ್ತಿರಲಿಲ್ಲ. ಅಪ್ಪ ಎತ್ತಿನ ಸಾಲ ತೆಗೆದರು, ಸಾಗವಾನಿ ತೊಲೆ ತಂದರು. ಎತ್ತು ನೋಡಲು ಸಾಹೇಬರು ಬಂದ ದಿನ ನೆರೆಮನೆಯವರ ಜೋಡಿಯನ್ನು ನಮ್ಮ ಗ್ವಾದಲಿಗೆ ಕಟ್ಟಿದ್ದಾಯಿತು. ಆ ಎತ್ತುಗಳ ಧಣಿ ಸೊಸೈಟಿಯ ಪಂಚರಲ್ಲಿ ಒಬ್ಬರು. ಸಾಹೇಬರ ಪಕ್ಕದಲ್ಲೇ ನಿಂತು ತಮ್ಮ ಎತ್ತುಗಳನ್ನು ತಾವೇ ಗುರುತಿಲ್ಲದವರಂತೆ ನೋಡಿ, "ಛಲೋ ಜೋಡಿ ಅದ" ಅಂದರು! ಅಪ್ಪ ಮಾಡಿದ್ದು ತಪ್ಪು, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ಸಾಲ ತೀರಿಸಲು ನಮಗೆ ಬಿದ್ದ ಕಷ್ಟದಿಂದಲೇ ಒಂದು ವಿಷಯ ತಿಳಿಯಿತು. ನಿಜವಾಗಿ ಎತ್ತು ತಂದಿದ್ದರೆ ಅದು ದುಡಿದು ಸಾಲ ತೀರಿಸುತ್ತಿತ್ತು. ತೊಲೆ ಏನು ದುಡಿದೀತು?

ಸಭೆಯ ಆ ಪ್ರಶ್ನೆಯ ಗಂಟು ಇರುವುದು ಇಲ್ಲೇ. ಬೆಳೆಸಾಲ ಒಂದು ಹಂಗಾಮಿನದು. ಕಡಲೆ, ಜೋಳ, ಹತ್ತಿ ಬಂದಾಗ ವಸೂಲಿ. ಮನೆಯ ಸಾಲ ಹತ್ತು, ಹದಿನೈದು, ಇಪ್ಪತ್ತು ವರ್ಷದ್ದು, ಮತ್ತು ಮನೆ ತಾನಾಗಿ ಏನನ್ನೂ ಬೆಳೆಯುವುದಿಲ್ಲ. ಒಂದು ವರ್ಷ, ಎರಡು ವರ್ಷಕ್ಕೆಂದು ಜನ ಇಟ್ಟ ಠೇವಣಿಯನ್ನು ಇಪ್ಪತ್ತು ವರ್ಷದ ಸಾಲಕ್ಕೆ ಹಾಕಿದರೆ, ಮಗಳ ಮದುವೆಗೆಂದು ಠೇವಣಿ ಕೇಳಲು ಬಂದವರಿಗೆ ಗೋಡೆ ತೋರಿಸಬೇಕಾಗುತ್ತದೆ. ಹಾಗೆಂದ ಮಾತ್ರಕ್ಕೆ ಸಹಕಾರದಲ್ಲಿ ಮನೆ ಆಗುವುದೇ ಇಲ್ಲ ಅಂತಲ್ಲ. ಆಗಿದೆ, ಅದೂ ಕನ್ನಡ ನಾಡಿನವರ ಕೈಯಿಂದಲೇ ಮೊದಮೊದಲು ಆಗಿದೆ.

ಸಹಕಾರದ ಮೂಲಕ್ಕೇ ಹೋದರೂ ಮನೆಯ ಮಾತು ಸಿಗುತ್ತದೆ. 1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲ್ ಎಂಬ ಊರಿನಲ್ಲಿ ನೇಕಾರರೂ ಬೇರೆ ಕಸುಬಿನವರೂ ಕೂಡಿ 28 ಜನ ಒಂದು ಅಂಗಡಿ ತೆಗೆದರು. ನಮ್ಮ ಸಹಕಾರಿ ಪಾಠಗಳಲ್ಲಿ ಈ ಅಂಗಡಿಯ ಕಥೆ ಎಲ್ಲರೂ ಓದಿರುತ್ತೇವೆ. ಆದರೆ ಅವರು ಬರೆದುಕೊಂಡ ಉದ್ದೇಶಗಳಲ್ಲಿ ಅಂಗಡಿಯ ನಂತರದ್ದೇ ಸದಸ್ಯರಿಗೆ ಮನೆ ಕೊಳ್ಳುವುದು, ಕಟ್ಟುವುದು. ಅಂಗಡಿಯ ಮಾತು ಉಳಿಯಿತು, ಮನೆಯ ಮಾತು ಜನ ಮರೆತರು.

ನಮ್ಮ ದೇಶಕ್ಕೆ ಸಹಕಾರಿ ಕಾಯಿದೆ ಬಂದದ್ದು 1904ರಲ್ಲಿ. ಮರುವರ್ಷವೇ, 1905ರಲ್ಲಿ, ನಮ್ಮ ಗದುಗಿನ ಮಗ್ಗುಲಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಂಘವೆಂದು ಹೆಸರಾದ ಸಂಘ ಹುಟ್ಟಿತು. ಇದನ್ನು ಪ್ರತಿ ಸಹಕಾರ ಸಪ್ತಾಹದಲ್ಲೂ ಕೇಳುತ್ತೇವೆ, ಎದೆ ಉಬ್ಬಿಸುತ್ತೇವೆ, ಸರಿಯೇ. ಆದರೆ ಆ 1904ರ ಕಾಯಿದೆ ಬರೀ ಪತ್ತಿನ ಸಂಘಗಳಿಗೆ ಮಾತ್ರ ಇದ್ದದ್ದು. ಮನೆ, ಮಾರಾಟ, ಕೈಗಾರಿಕೆ ಇಂಥವಕ್ಕೆ ಬಾಗಿಲು ತೆರೆದದ್ದು 1912ರ ಕಾಯಿದೆ. ಹೀಗಾಗಿ ನಮ್ಮ ಹಳ್ಳಿಯ ಸಂಘಗಳು ಹುಟ್ಟುವಾಗಲೇ ಹೊಲದ ಕಡೆ ಮುಖ ಮಾಡಿ ಹುಟ್ಟಿದವು, ಆ ರೂಢಿಯೇ ಮುಂದುವರಿಯಿತು.

ಮೈಸೂರು ಸಂಸ್ಥಾನದವರು 1905ರಲ್ಲಿ ತಮ್ಮದೇ ಕಾನೂನು ಮಾಡಿಕೊಂಡಿದ್ದರು. 1898ರ ಪ್ಲೇಗಿನಲ್ಲಿ ಬೆಂಗಳೂರು ತತ್ತರಿಸಿ, ಇಕ್ಕಟ್ಟಿನ ಪೇಟೆ ಬಿಟ್ಟು ಬಸವನಗುಡಿ, ಮಲ್ಲೇಶ್ವರದಂಥ ಹೊಸ ಬಡಾವಣೆಗಳು ಬೆಳೆದವು. ನಿವೇಶನ ಇದೆ, ಕಟ್ಟಲು ರೊಕ್ಕವಿಲ್ಲ ಎನ್ನುವ ಜನ ಅಲ್ಲಿಯೂ ಇದ್ದರು. 1909ರಲ್ಲಿ ಬೆಂಗಳೂರು ಬಿಲ್ಡಿಂಗ್ ಕೋ-ಆಪರೇಟಿವ್ ಸೊಸೈಟಿ ಆಯಿತು. ಭಾರತದ ಮೊದಲ ಗೃಹ ಸಹಕಾರ ಸಂಘ ಇದೇ ಎನ್ನುತ್ತಾರೆ.

ನನಗೆ ಹೆಚ್ಚು ಮನಸ್ಸಿಗೆ ಹಿಡಿದದ್ದು ಮುಂಬಯಿಯ ಕಥೆ. ಕಾರವಾರ, ಕುಮಟಾ, ಹೊನ್ನಾವರ, ಮಂಗಳೂರು ಕಡೆಯ ಸಾರಸ್ವತ ಕುಟುಂಬಗಳ ಹುಡುಗರು ಕಾರಕೂನಿಕೆ ಹುಡುಕಿಕೊಂಡು ಮುಂಬಯಿಗೆ ಹೋಗುತ್ತಿದ್ದ ಕಾಲ ಅದು. ಆಗ ಉತ್ತರ ಕನ್ನಡವೂ ನಮ್ಮ ಧಾರವಾಡ ಜಿಲ್ಲೆಯೂ ಮುಂಬಯಿ ಇಲಾಖೆಯಲ್ಲೇ ಇದ್ದವು. ಅಂದರೆ ಕಣಗಿನಹಾಳದವರಿಗೂ ಇವರಿಗೂ ಕಾಯಿದೆ ಒಂದೇ, ರಜಿಸ್ಟ್ರಾರ ಸಾಹೇಬರೂ ಒಬ್ಬರೇ. ಊರಲ್ಲಿ ಹಿತ್ತಲು, ಬಾವಿ, ತೆಂಗಿನಮರ ಇದ್ದವರು ಮುಂಬಯಿಯ ಚಾಳಿನ ಒಂದು ಖೋಲಿಯಲ್ಲಿ ಸಂಸಾರ ಮಾಡಬೇಕು. 1896ರಿಂದ ಪ್ಲೇಗು ಬೇರೆ. ಬಾಡಿಗೆ ಮಾತ್ರ ಏರುತ್ತಲೇ ಇತ್ತು.

ಇವರ ನಡುವೆ ಶ್ರೀಪಾದ ಸುಬ್ಬರಾವ ತಲ್ಮಕಿ ಎಂಬವರು ಮುಂದೆ ಬಂದರು. ಮೊದಲು ಅವರು ಮನೆಗೆ ಕೈ ಹಾಕಲಿಲ್ಲ ನೋಡಿ. 1906ರಲ್ಲಿ ತಮ್ಮ ಗುರುಗಳ ಹೆಸರಿನಲ್ಲಿ ಶಾಮರಾವ ವಿಠಲ ಪತ್ತಿನ ಸಂಘ ಮಾಡಿದರು. ಅದೇ ಮುಂದೆ ದೊಡ್ಡ ಬ್ಯಾಂಕಾಯಿತು. ಜನ ಒಟ್ಟಿಗೆ ಉಳಿತಾಯ ಮಾಡುವುದು, ಸಾಲ ತಗೊಂಡು ಹೊತ್ತಿಗೆ ಸರಿಯಾಗಿ ತಿರುಗಿಸುವುದು ರೂಢಿಯಾದ ಮೇಲೆ, ಒಂಬತ್ತು ವರ್ಷ ಬಿಟ್ಟು, 1915ರಲ್ಲಿ ಸಾರಸ್ವತ ಗೃಹ ಸಹಕಾರ ಸಂಘ ರಜಿಸ್ಟರ್ ಆಯಿತು. ಚೌಪಾಟಿಯ ಸಮುದ್ರದಂಡೆಗೆ ಸಮೀಪದ ಗಾಮದೇವಿಯಲ್ಲಿ ಅದರ ಕಟ್ಟಡಗಳು ಎದ್ದವು. ನೂರು ವರ್ಷ ದಾಟಿದರೂ ಸಂಘ ಬದುಕಿದೆ.

ಅವರ ಪದ್ಧತಿ ಹೀಗೆ. ನೆಲವೂ ಕಟ್ಟಡವೂ ಸಂಘದ್ದು. ಸದಸ್ಯ ಷೇರು ಹಣ ತುಂಬುತ್ತಾನೆ, ಮನೆಯಲ್ಲಿ ಇರುತ್ತಾನೆ, ತಿಂಗಳಾ ಬಾಡಿಗೆ ಕೊಡುತ್ತಾನೆ. ಅಂದರೆ ಒಬ್ಬನೇ ಮನುಷ್ಯ ಧಣಿಯೂ ಹೌದು, ಬಾಡಿಗೆದಾರನೂ ಹೌದು. ಬಾಡಿಗೆಯಿಂದ ಕಟ್ಟಡದ ಸಾಲ, ತೆರಿಗೆ, ದುರಸ್ತಿ ಎಲ್ಲ ನಡೆಯಬೇಕು. ಮನೆಯನ್ನು ತನಗೆ ಬೇಕಾದವರಿಗೆ ಬೇಕಾದ ಬೆಲೆಗೆ ಮಾರಿ ಹೋಗುವ ಹಕ್ಕು ಸದಸ್ಯನಿಗಿಲ್ಲ. ಇಂಥ ಪದ್ಧತಿ ಇಂಗ್ಲೆಂಡಿನಲ್ಲಿ ಆಗತಾನೆ ಶುರುವಾಗಿತ್ತು, ಇವರು ಅದನ್ನು ನಮ್ಮ ಜನಕ್ಕೆ ಒಗ್ಗಿಸಿಕೊಂಡರು. ಮನೆ ಕಟ್ಟುವುದು ಎರಡು ವರ್ಷದ ಕೆಲಸ. ಆಮೇಲೆ ನೂರು ವರ್ಷ ಮಾಳಿಗೆ ಸೋರದಂತೆ, ನೀರಿನ ಬಿಲ್ಲು ಬಾಕಿ ಬೀಳದಂತೆ, ಬಾಡಿಗೆ ಕೊಡದ ಸ್ವಂತ ಬೀಗರಿಗೇ ನೋಟೀಸು ಕೊಡುತ್ತ ನಡೆಸುವುದು ಇದೆಯಲ್ಲ, ಸಂಘದ ನಿಜವಾದ ಕೆಲಸ ಅದು. ಸಂಘ ನಡೆಸಿದವರಿಗೆ ಮಾತ್ರ ಇದರ ಬಿಸಿ ಗೊತ್ತು.

ಒಂದು ಮಾತು ಮುಚ್ಚಿಡಬಾರದು. ಅದು ಒಂದೇ ಸಮಾಜದವರ ಸಂಘ. ಒಬ್ಬರನ್ನೊಬ್ಬರು ಬಲ್ಲವರಾದ್ದರಿಂದ ವಿಶ್ವಾಸ ಬೇಗ ಕುದುರಿತು, ವಸೂಲಿ ಸುಲಭವಾಯಿತು. ಆದರೆ ಬಾಗಿಲೂ ಅಷ್ಟಕ್ಕೇ ನಿಂತಿತು. ನಮ್ಮಂಥ ಊರಲ್ಲಿ ಮನೆ ಇಲ್ಲದವರು ಎಲ್ಲ ಓಣಿಗಳಲ್ಲೂ ಇರುವಾಗ, ಈ ಒಂದು ಗುಣವನ್ನು ನಾವು ಅವರಿಂದ ಕಲಿಯಬೇಕಾಗಿಲ್ಲ.

ಮುಂದೆ ಬೆಂಗಳೂರಿನಂಥ ಕಡೆ ಗೃಹ ನಿರ್ಮಾಣ ಸಂಘಗಳು ನಾಯಿಕೊಡೆಯಂತೆ ಎದ್ದವು. ಬಹಳಷ್ಟು ಮನೆಯನ್ನೇ ಕಟ್ಟಲಿಲ್ಲ, ನಿವೇಶನ ಹಂಚುವ ಅಂಗಡಿಗಳಾದವು. ರೈತರ ಭೂಮಿಯನ್ನು ಸರಕಾರದಿಂದ ಸ್ವಾಧೀನ ಮಾಡಿಸಲು ಮಧ್ಯವರ್ತಿಗಳನ್ನು ಹಿಡಿಯುವ ತನಕ ಹೋಯಿತು. ಅಂಥ ಒಂದು ಸ್ವಾಧೀನವನ್ನು 1995ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ಹೆಸರು ಸಹಕಾರದ್ದು, ವ್ಯವಹಾರ ದಲಾಲಿಯದ್ದು. ಈ ಅಧ್ಯಾಯದ ಬಗ್ಗೆ ಇಷ್ಟು ಸಾಕು.

ಹಾಗಾದರೆ ಬಡವರು ಕೂಡಿ ಕಟ್ಟಿದ್ದು ಎಲ್ಲಿಯೂ ಇಲ್ಲವೋ? ಇದೆ. ನಮ್ಮ ಹೊಳೆಆಲೂರು ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಬಾದಾಮಿ, ಬಾಗಲಕೋಟೆ, ವಿಜಯಪುರ ದಾಟಿ ಸೊಲ್ಲಾಪುರ. ಆ ಊರ ಹೊರಗೆ, ಅಕ್ಕಲಕೋಟೆ ದಾರಿಯಲ್ಲಿ ಕುಂಭಾರಿ ಎಂಬ ಹಳ್ಳಿ. ಸೊಲ್ಲಾಪುರದ ಬೀಡಿ ಕಟ್ಟುವ ಹೆಣ್ಣುಮಕ್ಕಳು, ಬಹಳ ಮಂದಿ ತೆಲುಗರು, ಕನ್ನಡದವರೂ ಮರಾಠಿಯವರೂ ಕೂಡಿ, ನರಸಯ್ಯ ಆಡಂ ಅವರ ಮುಂದಾಳುತನದಲ್ಲಿ ಒಂದು ಗೃಹ ನಿರ್ಮಾಣ ಸಹಕಾರ ಸಂಘ ಮಾಡಿಕೊಂಡರು. ವಾರಲಿ ಆದಿವಾಸಿಗಳ ನಾಯಕಿಯಾಗಿದ್ದ ಗೋದಾವರಿ ಪರುಳೇಕರ ಅವರ ಹೆಸರನ್ನು ಅದಕ್ಕೆ ಇಟ್ಟರು. ವರ್ಷಗಟ್ಟಲೆ ಮೋರ್ಚಾ, ಧರಣಿ ಆದ ಮೇಲೆ ಲೆಕ್ಕ ಹೀಗೆ ಕುದುರಿತು: ಮನೆಗೆ 60,000 ರೂಪಾಯಿ, ಅದರಲ್ಲಿ ಕೇಂದ್ರ ಸರಕಾರದ್ದು 20,000, ರಾಜ್ಯದ್ದು 20,000, ಬೀಡಿ ಕಟ್ಟುವವಳದು 20,000. ಒಂದಲ್ಲ ಎರಡಲ್ಲ, 10,000 ಮನೆಗಳು! 2006ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಮನಮೋಹನ ಸಿಂಗರು ಬಂದು ಅವನ್ನು ಹಂಚಿದರು. ಅದೇ ಕುಂಭಾರಿಯಲ್ಲಿ ಅಸಂಘಟಿತ ಕಾರ್ಮಿಕರಿಗಾಗಿ 30,000 ಮನೆಗಳ ರಾಯನಗರ ಎದ್ದಿತು. ಅದರಲ್ಲಿ 15,000 ಮನೆಗಳನ್ನು 2024ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಹಸ್ತಾಂತರಿಸಿದರು. ಪಕ್ಷ ಯಾವುದು, ಬಾವುಟ ಯಾವುದು ಎಂಬ ಚರ್ಚೆ ಈ ಸಂಚಿಕೆಗೆ ಬೇಡ. ಸಾವಿರ ಬೀಡಿ ಸುತ್ತಿದರೆ ಸಿಗುವ ಕೂಲಿ ಎಷ್ಟೆಂದು ಬಲ್ಲವರಿಗೆ ಆ ಮೂರನೇ ಪಾಲಿನ 20,000ದ ತೂಕ ಗೊತ್ತಾಗುತ್ತದೆ. ಸರಕಾರದ ರೊಕ್ಕ ಎರಡು ಪಾಲು ಇದ್ದರೂ ಮನೆ ಅವರದು ಅನ್ನಿಸುವುದು ಆ ಮೂರನೇ ಪಾಲಿನಿಂದ.

ನಮ್ಮ ಕಡೆ ಆದದ್ದು ಬೇರೆ ರೀತಿ. ದೇವರಾಜ ಅರಸರ ಕಾಲದಲ್ಲಿ ಜನತಾ ಮನೆಗಳು ಬಂದವು, ಆಮೇಲೆ ಇಂದಿರಾ ಆವಾಸ, ಆಶ್ರಯ, ಬಸವ ವಸತಿ, ಈಗ ಪ್ರಧಾನಮಂತ್ರಿ ಆವಾಸ. ಇವುಗಳಿಂದ ಗುಡಿಸಲು ಬಿಟ್ಟು ಗೋಡೆಯ ಒಳಗೆ ಬಂದವರು ಎಷ್ಟೋ ಮಂದಿ, ಅದನ್ನು ನೆನೆಯಬೇಕು. ಆದರೆ ನಕ್ಷೆ ಮಾಡುವಾಗ ಇರುವವರನ್ನು ಕೇಳುವ ಪದ್ಧತಿ ಇರಲಿಲ್ಲ. ನಮ್ಮದು ಎರಿ ನೆಲ. ಬ್ಯಾಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಬುನಾದಿ ಆಳಕ್ಕೆ ಹೋಗದಿದ್ದರೆ ಗೋಡೆ ಸೀಳುವುದು ಖಂಡಿತ. ಇದನ್ನು ಊರ ಗೌಂಡಿಗೆ ಹೇಳಿಕೊಡಬೇಕಾಗಿಲ್ಲ. 2009ರಲ್ಲಿ ಮಲಪ್ರಭೆಗೂ ಬೆಣ್ಣೆಹಳ್ಳಕ್ಕೂ ಮಹಾಪೂರ ಬಂದ ಮೇಲೆ ದಂಡೆಯ ಊರುಗಳಿಗೆ ನವಗ್ರಾಮ ಕಟ್ಟಿಕೊಟ್ಟರು. ಕೆಲವು ಕಡೆ ಆ ಮನೆಗಳು ವರ್ಷಗಟ್ಟಲೆ ಬೀಗ ಹಾಕಿಕೊಂಡೇ ನಿಂತವು. ದನ ಎಲ್ಲಿ ಕಟ್ಟಬೇಕು, ಕಣಿಕೆ ಎಲ್ಲಿ ಒಟ್ಟಬೇಕು, ಹೊಲ ಎಷ್ಟು ದೂರ ಎಂದು ಮೊದಲೇ ಕೇಳಿದ್ದರೆ ಹೀಗಾಗುತ್ತಿರಲಿಲ್ಲ.

ಮತ್ತೆ ನಮ್ಮ ಊರಲ್ಲಿ ಕೂಡಿ ಕಟ್ಟುವುದು ಹೊಸದೇನಲ್ಲ. ಮುಯ್ಯಾಳು ನೆನಪಿದೆಯಲ್ಲ? ನಿಮ್ಮ ಮಾಳಿಗೆಗೆ ನಾವು ಮಣ್ಣು ಹೊತ್ತರೆ ನಮ್ಮ ಮಾಳಿಗೆಗೆ ನೀವು ಬರಬೇಕು. ಅದಕ್ಕೆ ಕಾಗದವಿಲ್ಲ, ರುಜುವಿಲ್ಲ, ಆದರೂ ಯಾರು ಯಾರಿಗೆ ಎಷ್ಟು ದಿನದ ಮುಯ್ಯಿ ಬಾಕಿ ಎಂಬುದು ಎಲ್ಲರ ಬಾಯಲ್ಲಿ ಇರುತ್ತಿತ್ತು. ಈಗ ಸ್ಲ್ಯಾಬಿನ ಮನೆಗೆ ಕಾಂಕ್ರೀಟು ಮಿಷನ್ನು ಬಂದಿದೆ, ಮುಯ್ಯಿ ಹಿಂದೆ ಸರಿದಿದೆ. ಸ್ವಸಹಾಯ ಗುಂಪಿನ ತಾಯಂದಿರು ವಾರವಾರದ ಉಳಿತಾಯ, ಪಾಳಿಯ ಸಾಲ ನಡೆಸುವುದನ್ನು ನೋಡಿದರೆ ಅದು ಪೂರ್ತಿ ಸತ್ತಿಲ್ಲ ಅನ್ನಿಸುತ್ತದೆ.

ಸಭೆಯ ಪ್ರಶ್ನೆಗೆ ಬರುತ್ತೇನೆ. ಬೆಳೆಸಾಲದ ರೊಕ್ಕದಲ್ಲಿ ಮನೆಸಾಲ ಕೊಡಿರೆಂದು ನಾನು ಹೇಳಲಾರೆ, ಅದು ಸಂಘವನ್ನು ಮುಳುಗಿಸುವ ದಾರಿ. ಆದರೆ ಬೇರೆಯೇ ಒಂದು ಮನೆ ನಿಧಿ, ಐದು ಹತ್ತು ವರ್ಷ ಮುಟ್ಟದ ಠೇವಣಿಯದು, ಬೇಕಾದವರು ತಿಂಗಳಾ ತುಂಬುವಂಥದು, ಅದಕ್ಕೆ ಬೇರೆ ಪುಸ್ತಕ, ಬೇರೆ ಬೈಲಾ, ಮೊದಲ ಹಂತದಲ್ಲಿ ಬರೀ ಮಾಳಿಗೆ ದುರಸ್ತಿಗೆ ಸಣ್ಣ ಸಾಲ: ಇಷ್ಟನ್ನು ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಹಾಕಿ ಎಂದು ಬರಹದಲ್ಲಿ ಕೊಟ್ಟಿದ್ದೇನೆ. ತಲ್ಮಕಿಯವರು ಪತ್ತಿನಿಂದ ಮನೆಗೆ ಬರಲು ಒಂಬತ್ತು ವರ್ಷ ತಗೊಂಡರು. ನಾವು ಇಪ್ಪತ್ತೈದು ವರ್ಷ ಪತ್ತು ನಡೆಸಿದ್ದೇವೆ. ಚಹಾ ತುಸು ತಡವಾಗಿ ಬಂದರೂ ಚಿಂತೆಯಿಲ್ಲ ಎಂದು ಕಾರ್ಯದರ್ಶಿಗಳಿಗೆ ಹೇಳಿದ್ದೇನೆ.

ಅಪ್ಪನ ತೊಲೆಯ ವಿಷಯ ಬಾಕಿ ಉಳಿಯಿತು. ಮೂರು ವರ್ಷಕ್ಕೆಂದು ತೆಗೆದ ಆ ಸಾಲ ದಂಡಬಡ್ಡಿ ಸಹಿತ ಏಳು ವರ್ಷಕ್ಕೆ ತೀರಿತು. ಮೊನ್ನೆ ಹಳೇ ಮನೆ ಇಳಿಸಿ ಕಟ್ಟುವಾಗ ನೋಡಿದರೆ ತೊಲೆ ಕಲ್ಲಿನಂತೆ ಗಟ್ಟಿ ಇತ್ತು. ಸ್ಲ್ಯಾಬಿಗೆ ತೊಲೆ ಬೇಡ, ಅದನ್ನು ದನದ ಕೊಟ್ಟಿಗೆಗೆ ಹಾಕಿದೆವು. ಈಗ ಅದರ ಕೆಳಗೆ ಎತ್ತು ಕಟ್ಟುತ್ತೇವೆ, ನಮ್ಮವೇ.