ಮ್ಯಾವ್ ಮ್ಯಾವ್ ಪುರಾಣ

ನಾನು ಮುಂಬಯಿಗೆ ಬಂದ ಕಾಲಕ್ಕೆ ಎಂಡಿ ಅಂದ್ರೆ ಕಂಪನಿಯ ದೊಡ್ಡ ಸಾಹೇಬ, ಇಲ್ಲಾ ಡಾಕ್ಟರರ ಡಿಗ್ರಿ. ಈಗ ಇಲ್ಲಿ ಅದಕ್ಕೆ ಮೂರನೇ ಅರ್ಥವೂ ಇದೆ: ಮೆಫೆಡ್ರೋನ್ ಎಂಬ ಅಮಲಿನ ಪುಡಿ. ಅಡ್ಡಹೆಸರು ಮ್ಯಾವ್ ಮ್ಯಾವ್.

ಹೊಸ ಪಿಡುಗು ಅಂತೀವಲ್ಲ, ಇದನ್ನು ಮೊದಲು ತಯಾರಿಸಿದ್ದು 1929ರಲ್ಲಿ! ಎಪ್ಪತ್ತು ವರ್ಷ ಯಾರಿಗೂ ಬೇಡವಾಗಿ ಬಿದ್ದಿದ್ದನ್ನು 2000ದ ನಂತರ ಎಬ್ಬಿಸಿದರು. ಬ್ರಿಟನ್ನಿನಲ್ಲಿ ಗಿಡದ ಗೊಬ್ಬರ ಅಂತ, 'ಮನುಷ್ಯರ ಸೇವನೆಗಲ್ಲ' ಎಂಬ ಚೀಟಿ ಅಂಟಿಸಿ ರಾಜಾರೋಷವಾಗಿ ಮಾರಿದರು. ಗೊಬ್ಬರವಂತೆ! ಚೀಟಿ ಕಾನೂನಿಗೆ, ಪುಡಿ ಮೂಗಿಗೆ. ಅಲ್ಲಿ ನಿಷೇಧವಾದದ್ದು 2010ರ ಏಪ್ರಿಲ್‌ನಲ್ಲಿ. ನಮ್ಮ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಗೆ ಸೇರಿದ್ದು 2015ರ ಫೆಬ್ರವರಿಯಲ್ಲಿ. ಅಲ್ಲಿಯತನಕ ಪುಡಿ ಸಿಕ್ಕರೂ ಆ ಕಾಯ್ದೆಯಡಿ ಪೊಲೀಸರ ಕೈ ಕಟ್ಟಿತ್ತು.

ಯೆಮೆನ್, ಇಥಿಯೋಪಿಯಾದವರು ಜಗಿಯುವ ಖಾತ್ ಎಲೆಯಲ್ಲಿ ಕ್ಯಾಥಿನೋನ್ ಇದೆ. ಈ ಪುಡಿ ಅದರ ದಾಯಾದಿ. ಮಿದುಳಿನಲ್ಲಿ ಡೋಪಮಿನ್, ಸೆರೊಟೋನಿನ್ ಎರಡನ್ನೂ ಹೊರಚೆಲ್ಲಿಸುತ್ತೆ. ಮಜಾ ಬೇಗ ಇಳಿಯುತ್ತೆ, ಮತ್ತೆ ಬೇಕು ಅನಿಸುತ್ತೆ. ಮೋಸ ಇರೋದೇ ಇಲ್ಲಿ ನೋಡಿ... ಎದೆಬಡಿತ, ರಕ್ತದೊತ್ತಡ ಏರುತ್ತೆ, ನಿದ್ದೆ ಹಾರುತ್ತೆ, ಇಲ್ಲದ್ದು ಕಾಣಿಸುತ್ತೆ. ಸತ್ತವರೂ ಇದ್ದಾರೆ.

ನನಗೆ ಸಿಟ್ಟು ಬರೋದು ಇಂಥವಕ್ಕೆಲ್ಲ ಇಟ್ಟಿರುವ 'ರಿಸರ್ಚ್ ಕೆಮಿಕಲ್' ಎಂಬ ಹೆಸರಿಗೆ. ಔಷಧಿಗಾದರೆ ಮೊದಲು ಇಲಿ, ಆಮೇಲೆ ಒಪ್ಪಿಗೆ ಕೊಟ್ಟ ಮನುಷ್ಯರು, ವರ್ಷಗಟ್ಟಲೆ ಪರೀಕ್ಷೆ. ಇದರ ಅಪಾಯ ಡಾಕ್ಟರುಗಳಿಗೆ ತಿಳಿದದ್ದು ಎಮರ್ಜೆನ್ಸಿ ವಾರ್ಡಿಗೆ ಬಂದ ಮಕ್ಕಳಿಂದ. ಬ್ರಿಟನ್ನಿನ ನಿಷೇಧದ ನಂತರ 'ಎನ್‌ಆರ್‌ಜಿ-1' ಅಂತ ಹೊಸ ಪೊಟ್ಟಣ ಬಂತು, ಕಾನೂನಿಗೆ ಸಿಗದ್ದು ಅಂತ ಹೇಳಿಕೊಂಡು. ಪರೀಕ್ಷಿಸಿದರೆ, ಬಹಳಷ್ಟು ಪೊಟ್ಟಣಗಳಲ್ಲಿ ಇದ್ದದ್ದು ಆಗಷ್ಟೇ ನಿಷೇಧವಾದ ಹಳೇ ಪುಡಿಗಳೇ!