ರಾಷ್ಟ್ರಧ್ವಜ ಗೌರವ ಮತ್ತು ಯೋಧಸ್ಮರಣೆ (ಭಾರತ)

ಭಾರತದ ರಾಷ್ಟ್ರಧ್ವಜವನ್ನು ಹೊದಿಕೆಯಾಗಿ ಬಳಸುವುದು ಅಪರಾಧ. 1971ರ ರಾಷ್ಟ್ರಗೌರವ ಅಪಮಾನ ತಡೆ ಕಾಯ್ದೆಯಡಿ ಇದಕ್ಕೆ ಮೂರು ವರ್ಷದವರೆಗೆ ಜೈಲುಶಿಕ್ಷೆಯಾಗಬಹುದು. ಸರ್ಕಾರಿ ಗೌರವದ ಅಂತ್ಯಕ್ರಿಯೆ ಮತ್ತು ಸೇನೆ, ಅರೆಸೇನಾ ಪಡೆಗಳ ಯೋಧರ ಅಂತ್ಯಕ್ರಿಯೆಗೆ ಮಾತ್ರ ವಿನಾಯಿತಿ ಇದೆ. ಧ್ವಜಗೌರವ ಮತ್ತು ಯೋಧಸ್ಮರಣೆ ಒಂದಾಗುವುದು ಇಲ್ಲಿಯೇ. ಅವು ಬೆಳೆದು ಬಂದ ದಾರಿಗಳು ಮಾತ್ರ ಬೇರೆ ಬೇರೆ.

ಇವೆರಡರಲ್ಲಿ ಯೋಧಸ್ಮರಣೆ ಬಹಳ ಹಳೆಯದು. ಕರ್ನಾಟಕದ ಊರೂರಿನಲ್ಲಿ ನಿಂತಿರುವ ವೀರಗಲ್ಲುಗಳೇ ಇದಕ್ಕೆ ಸಾಕ್ಷಿ. ಸಾಮಾನ್ಯವಾಗಿ ಇವುಗಳ ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ ಇರುತ್ತದೆ. ಇಲ್ಲಿ ಸ್ಮರಣೆ ಅರಸರಿಗಷ್ಟೇ ಮೀಸಲಾಗಿರಲಿಲ್ಲ. ಊರಿನ ದನ ಕಾಯಲು ಹೋರಾಡಿ ಮಡಿದ ಸಾಮಾನ್ಯನಿಗೂ ಕಲ್ಲು ನಿಂತಿತು. ಬೇಗೂರಿನ ಒಂಬತ್ತನೆಯ ಶತಮಾನದ ಶಾಸನವೊಂದು ಬೆಂಗಳೂರು ಕಾಳಗದಲ್ಲಿ ಮಡಿದವನನ್ನು ನೆನೆಯುತ್ತದೆ.

ಬ್ರಿಟಿಷರ ಕಾಲದಲ್ಲಿ ಸ್ಮಾರಕಗಳು ನಗರದ ಕಡೆಗೆ ಸರಿದವು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕುದುರೆಪಡೆಯಲ್ಲಿ ಮೈಸೂರು ಲ್ಯಾನ್ಸರ್ಸ್ ಇತ್ತು. ಆ ಪಡೆಯ ನೆನಪಿಗಿರುವ ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. 1931ರಲ್ಲಿ ಉದ್ಘಾಟನೆಯಾದ ಇಂಡಿಯಾ ಗೇಟ್ ಮೇಲೆ 13 ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳಿವೆ. ಅವರು ಹೋರಾಡಿದ್ದು ಸಾಮ್ರಾಜ್ಯದ ಬಾವುಟದಡಿಯಲ್ಲಿ. ಆದರೆ ಮಡಿದವರು ನಮ್ಮವರೇ. ಆ ಹೆಸರುಗಳನ್ನು ಮರೆಯುವುದು ನ್ಯಾಯವಲ್ಲ.

ತ್ರಿವರ್ಣ ಧ್ವಜಕ್ಕೆ ಗೌರವ ತಂದುಕೊಟ್ಟವರು ಸೈನಿಕರಿಗಿಂತ ಮೊದಲು ಸತ್ಯಾಗ್ರಹಿಗಳು. 1938ರ ಏಪ್ರಿಲ್‌ನಲ್ಲಿ ಮದ್ದೂರು ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸಂವಿಧಾನ ರಚನಾ ಸಭೆ ಇಂದಿನ ಧ್ವಜವನ್ನು ಅಂಗೀಕರಿಸಿದ್ದು 1947ರ ಜುಲೈ 22ರಂದು.

1949ರಿಂದ ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆ. ಅಂದು ಸಂಗ್ರಹವಾಗುವ ದೇಣಿಗೆ ಯೋಧರು, ಮಾಜಿ ಸೈನಿಕರು ಮತ್ತು ಅವರ ಕುಟುಂಬಗಳ ನೆರವಿಗೆ. 1971ರ ಯುದ್ಧದ ನಂತರ ಇಂಡಿಯಾ ಗೇಟ್ ಕೆಳಗೆ ಅಮರ್ ಜವಾನ್ ಜ್ಯೋತಿ ಬಂತು: ತಲೆಕೆಳಗಾಗಿ ನಿಲ್ಲಿಸಿದ ಬಂದೂಕು, ಅದರ ಮೇಲೊಂದು ಹೆಲ್ಮೆಟ್. ಸ್ವತಂತ್ರ ಭಾರತದ ಯೋಧರ ಹೆಸರುಗಳನ್ನು ಕೆತ್ತಿದ ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆಯಾಗಲು 2019ರ ಫೆಬ್ರುವರಿ 25 ಬರಬೇಕಾಯಿತು. ಇಷ್ಟು ತಡವಾಗಬಾರದಿತ್ತು. 2022ರ ಜನವರಿಯಲ್ಲಿ ಅಮರ್ ಜವಾನ್ ಜ್ಯೋತಿಯನ್ನು ಈ ಸ್ಮಾರಕದ ಜ್ಯೋತಿಯೊಂದಿಗೆ ಸೇರಿಸಲಾಯಿತು.

ಕಾರ್ಗಿಲ್ ಯುದ್ಧದಿಂದೀಚೆಗೆ (1999) ಯೋಧರ ಪಾರ್ಥಿವ ಶರೀರವನ್ನು ಹುಟ್ಟೂರಿಗೆ ಕಳಿಸುವುದು ವಾಡಿಕೆಯಾಯಿತು. ಧ್ವಜ ಹೊದಿಸುವ ಸೇನೆಯ ವಿಧಿ ಹಳ್ಳಿಯ ಜನರ ಕಣ್ಣೆದುರು ನಡೆಯತೊಡಗಿದ್ದು ಆಗಲೇ. 2002ರ ಧ್ವಜ ಸಂಹಿತೆಯ ಪ್ರಕಾರ ಶವಪೆಟ್ಟಿಗೆಯ ಮೇಲೆ ಹೊದಿಸುವಾಗ ಕೇಸರಿ ಪಟ್ಟಿ ತಲೆಯ ಕಡೆಗಿರಬೇಕು. ಧ್ವಜವನ್ನು ಗುಂಡಿಗಿಳಿಸುವಂತಿಲ್ಲ, ಚಿತೆಯಲ್ಲಿ ಸುಡುವಂತಿಲ್ಲ. ಅಂತ್ಯಸಂಸ್ಕಾರಕ್ಕೆ ಮೊದಲು ಅದನ್ನು ತೆಗೆದು, ಮಡಚಿ, ಕುಟುಂಬದವರ ಕೈಗೊಪ್ಪಿಸುತ್ತಾರೆ. ಧ್ವಜವನ್ನು ಅರ್ಧಕ್ಕಿಳಿಸುವ ನಿಯಮವಿರುವುದು ರಾಷ್ಟ್ರಪತಿ, ಪ್ರಧಾನಿಯಂಥ ಗಣ್ಯರ ನಿಧನಕ್ಕೆ. ಸಿಪಾಯಿಗೆ ಧ್ವಜ ಕೆಳಗಿಳಿಯುವುದಿಲ್ಲ, ಅವನಿಗೇ ಹೊದಿಕೆಯಾಗುತ್ತದೆ. ನಮ್ಮ ವಿಧಿಗಳಲ್ಲಿ ಇದಕ್ಕಿಂತ ದೊಡ್ಡ ಗೌರವ ಇನ್ನೊಂದಿಲ್ಲ.

ಧ್ವಜದ ತಯಾರಿಕೆಗೂ ನಿಯಮಗಳಿವೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಭಾರತೀಯ ಮಾನಕ ಸಂಸ್ಥೆಯ ಮಾನ್ಯತೆಯೊಂದಿಗೆ ಖಾದಿ ಧ್ವಜಗಳನ್ನು ತಯಾರಿಸುತ್ತದೆ. ಧ್ವಜ ಸಂಹಿತೆಗೆ 2021ರ ಡಿಸೆಂಬರ್‌ನಲ್ಲಿ ತಂದ ತಿದ್ದುಪಡಿ ಪಾಲಿಯೆಸ್ಟರ್ ಮತ್ತು ಯಂತ್ರದಲ್ಲಿ ತಯಾರಾದ ಧ್ವಜಗಳಿಗೂ ಅವಕಾಶ ಕೊಟ್ಟಿತು. ಬಟ್ಟೆ ಯಾವುದೇ ಇರಲಿ, ಹರಿದ ಅಥವಾ ಮಾಸಿದ ಧ್ವಜವನ್ನು ಹಾರಿಸುವಂತಿಲ್ಲ. ಅದನ್ನು ಖಾಸಗಿಯಾಗಿ, ಮರ್ಯಾದೆಯಿಂದ, ಸಾಧ್ಯವಾದರೆ ಸುಟ್ಟು ಪೂರ್ತಿ ವಿಲೇವಾರಿ ಮಾಡಬೇಕೆಂಬುದು ಸಂಹಿತೆಯ ನಿಯಮ.